ತಿಂಗಳಿಗೊಂದು ಸಂಜೆ

ಮಕ್ಕಳನ್ನು ಬೆಟ್ಟಕ್ಕೆ, ಕಾಡಿಗೆ, ಹೊಳೆದಂಡೆಯ ಶಿಬಿರಕ್ಕೆ ಕರೆದೊಯ್ಯುವ ಮೇಷ್ಟ್ರು ತಮ್ಮ ಶಾಲೆಯಲ್ಲಿ ಹೆಚ್ಚಾಗಿ ಒಬ್ಬರೇ ಇರುತ್ತಾರೆ. ಕನ್ನಡ ಕಲಿಸುವವರು ಇಬ್ಬರಿರಬಹುದು, ವಿಜ್ಞಾನದವರು ಪಕ್ಕದ ಶಾಲೆಯಲ್ಲಾದರೂ ಸಿಕ್ಕಾರು. ಸ್ಕೌಟ್ ಮಾಸ್ಟರ್ ಆಗಲಿ, ಗೈಡ್ ಕ್ಯಾಪ್ಟನ್ ಆಗಲಿ ಸಾಮಾನ್ಯವಾಗಿ ಶಾಲೆಗೊಬ್ಬರು. ಅದೂ ಅವರ ಮೂಲ ಕೆಲಸವಲ್ಲ, ದೈಹಿಕ ಶಿಕ್ಷಣದ ಜೊತೆಗೋ ಸಮಾಜ ವಿಜ್ಞಾನದ ಜೊತೆಗೋ ಹೊತ್ತುಕೊಂಡ ಹೆಚ್ಚುವರಿ ಹೊಣೆ. ರಾತ್ರಿ ಹನ್ನೊಂದಕ್ಕೆ ಡೇರೆಯೊಳಗೆ ಒಬ್ಬ ಹುಡುಗ ಮನೆಗೆ ಹೋಗಬೇಕೆಂದು ಅಳತೊಡಗಿದರೆ, ಏರುದಾರಿಯಲ್ಲಿ ಒಬ್ಬ ಹುಡುಗಿಗೆ ಉಬ್ಬಸ ಶುರುವಾದರೆ, ಇಳಿಯಲು ಇನ್ನೂ ಎರಡು ಗಂಟೆ ಬೇಕಿರುವಾಗ ಮೋಡ ಕವಿದರೆ, ಏನು ಮಾಡಬೇಕೆಂಬ ತೀರ್ಮಾನ ಅವರೊಬ್ಬರದೇ. ಮರುದಿನ ಸ್ಟಾಫ್ ರೂಮಿನಲ್ಲಿ ಅದನ್ನು ಹೇಳಿಕೊಂಡರೆ ಕೇಳುವವರು ಸಹಾನುಭೂತಿ ತೋರಿಸಬಲ್ಲರೇ ಹೊರತು, ಆ ಗಳಿಗೆಯಲ್ಲಿ ಬೇರೆ ಏನು ಮಾಡಬಹುದಿತ್ತು ಎಂದು ಹೇಳಲಾರರು. ಈ ಒಂಟಿತನವನ್ನು ನಾವು ಇವರ ಕೆಲಸದ ಸಹಜ ಭಾಗವೆಂದು ಒಪ್ಪಿಕೊಂಡುಬಿಟ್ಟಿದ್ದೇವೆ. ಅದು ಸಹಜವಲ್ಲ, ಅಪಾಯಕಾರಿ ಎಂಬುದು ನನ್ನ ವಾದ. ಮಕ್ಕಳ ಹೊರಾಂಗಣ ಚಟುವಟಿಕೆ ಸುರಕ್ಷಿತವಾಗಿರಬೇಕು, ಜೀವಂತವಾಗಿಯೂ ಉಳಿಯಬೇಕು ಎಂದಾದರೆ ಅದನ್ನು ನಡೆಸುವವರು ತಿಂಗಳಿಗೊಮ್ಮೆ, ಗೊತ್ತಾದ ದಿನ, ಗೊತ್ತಾದ ಜಾಗದಲ್ಲಿ ತಮ್ಮತಮ್ಮಲ್ಲೇ ಕೂಡಬೇಕು. ಆ ಕೂಟ ಲೆಕ್ಕ ಒಪ್ಪಿಸುವ ಸಭೆ ಮಾತ್ರ ಆಗಬಾರದು.

ಸ್ಕೌಟ್ ಚಳವಳಿಯನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ನಮ್ಮ ನೆಲದೊಂದಿಗೆ ಅದರ ನಂಟು ಹಳೆಯದು. 1907ರ ಆಗಸ್ಟಿನಲ್ಲಿ, ಅದನ್ನು ಹುಟ್ಟುಹಾಕಿದ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಇಪ್ಪತ್ತರಷ್ಟು ಹುಡುಗರನ್ನು ಸೇರಿಸಿ ಶಿಬಿರ ಹೂಡಿದರು. ಅದಾದ ಎರಡು ವರ್ಷಕ್ಕೆ, 1909ರಲ್ಲಿ, ಕ್ಯಾಪ್ಟನ್ ಟಿ.ಎಚ್. ಬೇಕರ್ ಬೆಂಗಳೂರಿನಲ್ಲಿ ಭಾರತದ ಮೊದಲ ಸ್ಕೌಟ್ ದಳವನ್ನು ಕಟ್ಟಿದರು. ಆಗ ಅದು ಬಿಳಿಯರ ಮತ್ತು ಆಂಗ್ಲೋ ಇಂಡಿಯನ್ನರ ಮಕ್ಕಳಿಗಷ್ಟೇ ಮೀಸಲು. ಭಾರತೀಯ ಮಕ್ಕಳಿಗೂ ಅದು ದಕ್ಕುವಂತಾಗಲು ಆನಿ ಬೆಸೆಂಟ್ ಮೊದಲಾದವರು ಬೇರೆಯೇ ಸಂಘ ಕಟ್ಟಬೇಕಾಯಿತು. ಹೀಗೆ ಹುಟ್ಟಿದ ಬೇರೆ ಬೇರೆ ಸಂಘಗಳು 1950ರ ನವೆಂಬರ್ 7ರಂದು ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಆಗಿ ಒಂದಾದವು. ಈ ಚಳವಳಿಯ ಬೆನ್ನೆಲುಬು ಬ್ರೌನ್‌ಸೀ ಶಿಬಿರದಲ್ಲೇ ಕಾಣಿಸಿಕೊಂಡಿತ್ತು: ಹುಡುಗರನ್ನು ನಾಲ್ಕು ಪಟ್ರೋಲ್‌ಗಳಾಗಿ ಹಂಚಿ, ಪ್ರತಿಯೊಂದಕ್ಕೂ ಅವರಲ್ಲೇ ಒಬ್ಬನನ್ನು ನಾಯಕನನ್ನಾಗಿ ಮಾಡಿದ್ದರು. ಆಮೇಲೆ ಬೆಳೆದ ಪದ್ಧತಿಯಲ್ಲಿ ಆ ಪಟ್ರೋಲ್ ಲೀಡರುಗಳೆಲ್ಲ ಆಗಾಗ ಒಟ್ಟಿಗೆ ಕೂತು ದಳದ ವಿಚಾರ ಮಾತಾಡುವ ಕೋರ್ಟ್ ಆಫ್ ಆನರ್ ಬಂತು. ಇದರ ಹಿಂದಿನ ತಿಳಿವಳಿಕೆ ಬಹಳ ದೊಡ್ಡದು. ಹದಿಮೂರು ವರ್ಷದವನೊಬ್ಬನಿಗೆ ಏಳು ಜನರ ಹೊಣೆ ಕೊಟ್ಟರೆ ಸಾಲದು, ಅಂಥದೇ ಹೊಣೆ ಹೊತ್ತ ಬೇರೆಯವರೊಂದಿಗೆ ಕೂತು ಮಾತಾಡುವ ಜಾಗವನ್ನೂ ಅವನಿಗೆ ಕೊಡಬೇಕು. ಇಲ್ಲವಾದರೆ ಅವನು ದರ್ಪಕ್ಕೆ ಇಳಿಯುತ್ತಾನೆ ಅಥವಾ ಕೈಚೆಲ್ಲುತ್ತಾನೆ. ಮಕ್ಕಳ ವಿಷಯದಲ್ಲಿ ನೂರು ವರ್ಷಗಳಿಂದ ಪಾಲಿಸಿಕೊಂಡು ಬಂದ ಈ ವಿವೇಕವನ್ನು ಆ ಮಕ್ಕಳನ್ನು ನಡೆಸುವ ದೊಡ್ಡವರಿಗೆ ನಾವು ಅನ್ವಯಿಸಲಿಲ್ಲ. ಮೂವತ್ತು ಮಕ್ಕಳ ಜೀವದ ಹೊಣೆ ಹೊತ್ತವರಿಗೆ ಕೂತು ಮಾತಾಡುವ ಜಾಗ ಬೇಡವೆಂದು ಯಾವ ತರ್ಕದಿಂದ ಹೇಳುವುದು?

ತರಬೇತಿ ಇದೆಯಲ್ಲ ಎಂಬುದು ಇದಕ್ಕೆ ಮೊದಲು ಬರುವ ಉತ್ತರ. ಇದೆ, ಒಳ್ಳೆಯ ತರಬೇತಿಯೇ ಇದೆ. ದೊಡ್ಡಬಳ್ಳಾಪುರದಲ್ಲಿ, ಹರಿಹರದ ಬಳಿಯ ಕೊಂಡಜ್ಜಿಯಲ್ಲಿ, ದೂರದ ಪಚ್‌ಮಡಿಯ ರಾಷ್ಟ್ರೀಯ ಕೇಂದ್ರದಲ್ಲಿ ಶಿಬಿರಗಳು ನಡೆಯುತ್ತವೆ. ಬೇಸಿಕ್, ಅಡ್ವಾನ್ಸ್ಡ್ ಹಂತದ ತರಬೇತಿ ಮುಗಿಸಿ ಹಿಮಾಲಯ ವುಡ್‌ಬ್ಯಾಡ್ಜಿನ ಎರಡು ಮರದ ಮಣಿ ಕೊರಳಿಗೆ ಹಾಕಿಕೊಂಡವರು ರಾಜ್ಯದ ತುಂಬ ಇದ್ದಾರೆ. ಆದರೆ ತರಬೇತಿ ಶಿಬಿರ ಒಂದು ವಾರದ್ದು, ದಳ ನಡೆಸುವುದು ವರ್ಷಾನುಗಟ್ಟಲೆ. ಶಿಬಿರದಲ್ಲಿ ಲ್ಯಾಶಿಂಗ್ ಕಲಿಸಬಹುದು, ದಿಕ್ಸೂಚಿ ಓದುವುದನ್ನು ಕಲಿಸಬಹುದು, ಪ್ರಥಮ ಚಿಕಿತ್ಸೆಯ ಕ್ರಮ ಬಾಯಿಪಾಠ ಮಾಡಿಸಬಹುದು. ಮಳೆ ಬರುವ ಹಾಗಿದೆ, ಮುಂದೆ ಹೋಗೋಣವೇ ಹಿಂದಿರುಗೋಣವೇ ಎಂಬುದನ್ನು ಯಾವ ಶಿಬಿರವೂ ಪೂರ್ತಿಯಾಗಿ ಕಲಿಸಲಾರದು, ಏಕೆಂದರೆ ಆ ಪ್ರಶ್ನೆ ಏಳುವುದು ಈ ಬೆಟ್ಟದಲ್ಲಿ, ಈ ಮಕ್ಕಳೊಂದಿಗೆ, ಇವತ್ತಿನ ಮೋಡದ ಕೆಳಗೆ. 1919ರಲ್ಲಿ ಲಂಡನ್ ಬಳಿಯ ಗಿಲ್ವೆಲ್ ಪಾರ್ಕಿನಲ್ಲಿ ವುಡ್‌ಬ್ಯಾಡ್ಜ್ ಶಿಬಿರ ಆರಂಭಿಸಿದವರಿಗೂ ಇದು ಗೊತ್ತಿತ್ತು. ಶಿಬಿರ ಮುಗಿಸಿದವರು ಊರಿಗೆ ಹೋಗಿ ತಿಂಗಳುಗಟ್ಟಲೆ ತಮ್ಮ ದಳವನ್ನು ನಡೆಸಿ ತೋರಿಸಿದ ಮೇಲಷ್ಟೇ ಅರ್ಹತೆ ಪೂರ್ಣವಾಗುವಂತೆ ಅವರು ವ್ಯವಸ್ಥೆ ಮಾಡಿದ್ದರು. ಅನುಭವ ತಾನಾಗಿಯೇ ಕಲಿಸುತ್ತದೆ ಎಂದು ನಂಬುವುದೂ ಪೂರ್ತಿ ಸರಿಯಲ್ಲ. ಹತ್ತು ವರ್ಷ ಒಂದೇ ತಪ್ಪನ್ನು ಮಾಡುತ್ತ, ಅದೃಷ್ಟದಿಂದ ಪಾರಾಗುತ್ತ, ಅದನ್ನೇ ಅನುಭವವೆಂದು ತಿಳಿದುಕೊಳ್ಳುವುದು ಹೊರಾಂಗಣದಲ್ಲಿ ತೀರ ಸುಲಭ. ಏನೂ ಆಗಲಿಲ್ಲ ಎಂಬುದು ಸರಿಯಾಗಿ ಮಾಡಿದ್ದಕ್ಕೆ ಸಾಕ್ಷಿಯಲ್ಲ. ಮಾಡಿದ್ದು ಇನ್ನೊಬ್ಬರ ಕಣ್ಣಿಗೆ ಬಿದ್ದಾಗಲೇ ಅದು ಸರಿಯೋ ತಪ್ಪೋ ಗೊತ್ತಾಗುವುದು.

ಇಲ್ಲಿಯೇ ನನ್ನ ವಾದದ ಗಟ್ಟಿಯಾದ ಆಧಾರವಿದೆ, ಅದು ಬಂದಿರುವುದು ಬೇರೆಯದೇ ಕ್ಷೇತ್ರದಿಂದ. 1974ರ ಡಿಸೆಂಬರ್ 1ರಂದು ವಾಷಿಂಗ್ಟನ್ನಿನ ಡಲ್ಲಸ್ ನಿಲ್ದಾಣಕ್ಕೆ ಇಳಿಯುತ್ತಿದ್ದ ಟಿಡಬ್ಲ್ಯುಎ ವಿಮಾನವೊಂದು, ನಿಯಂತ್ರಣ ಕೊಠಡಿಯ ಸೂಚನೆಯನ್ನು ಬೇರೆ ರೀತಿ ಅರ್ಥಮಾಡಿಕೊಂಡು ಬೇಗನೆ ಕೆಳಗಿಳಿದು ವರ್ಜೀನಿಯಾದ ಗುಡ್ಡಕ್ಕೆ ಅಪ್ಪಳಿಸಿತು. ಅದರಲ್ಲಿದ್ದ 92 ಜನರೂ ಸತ್ತರು. ಇದಾಗುವ ಆರು ವಾರಗಳ ಹಿಂದೆ ಯುನೈಟೆಡ್ ಕಂಪನಿಯ ಇನ್ನೊಂದು ವಿಮಾನ ಅದೇ ದಾರಿಯಲ್ಲಿ, ಅದೇ ಬಗೆಯ ತಪ್ಪು ತಿಳಿವಳಿಕೆಯಿಂದ, ಅದೇ ಗುಡ್ಡದಿಂದ ಕೂದಲೆಳೆಯಲ್ಲಿ ಪಾರಾಗಿತ್ತು. ಆ ಕಂಪನಿ ತನ್ನ ಪೈಲಟ್‌ಗಳನ್ನೆಲ್ಲ ಎಚ್ಚರಿಸಿತ್ತು. ಆ ಎಚ್ಚರಿಕೆ ಪಕ್ಕದ ಕಂಪನಿಯ ಪೈಲಟ್‌ಗಳಿಗೆ ತಲುಪಲಿಲ್ಲ, ತಲುಪಿಸುವ ದಾರಿಯೇ ಇರಲಿಲ್ಲ. 1976ರಲ್ಲಿ ಅಮೆರಿಕ ಆ ದಾರಿಯನ್ನು ಕಟ್ಟಿತು: ಪೈಲಟ್‌ಗಳು ತಮ್ಮ ತಪ್ಪನ್ನು, ತಪ್ಪಿದ ಅಪಘಾತವನ್ನು ದಂಡ ಹಾಕುವ ಇಲಾಖೆಗೆ ಹೇಳಬೇಕಿಲ್ಲ, ನಾಸಾಗೆ ಬರೆದು ತಿಳಿಸಬಹುದು, ಹೆಸರು ತೆಗೆದುಹಾಕಿ ಅದರ ಪಾಠವನ್ನು ಎಲ್ಲರಿಗೂ ಹಂಚುತ್ತಾರೆ. ಅಮೆರಿಕದ ಪರ್ವತಾರೋಹಿಗಳ ಸಂಘ 1948ರಿಂದಲೇ ವರ್ಷವರ್ಷದ ಅಪಘಾತಗಳ ವಿವರವನ್ನು ಅಚ್ಚು ಹಾಕಿಸುತ್ತಿರುವುದೂ ಇದೇ ಕಾರಣಕ್ಕೆ. ಇನ್ನು ನಮ್ಮ ವಿಷಯಕ್ಕೆ ತೀರ ಹತ್ತಿರವಾದದ್ದು ಇಂಗ್ಲೆಂಡಿನ ಲೈಮ್ ಬೇ ದುರಂತ. 1993ರ ಮಾರ್ಚ್ 22ರಂದು ಒಂದು ಚಟುವಟಿಕೆ ಕೇಂದ್ರದಿಂದ ಸಣ್ಣ ದೋಣಿಗಳಲ್ಲಿ ಕಡಲಿಗಿಳಿದ ಶಾಲಾ ಮಕ್ಕಳಲ್ಲಿ ನಾಲ್ವರು ತೀರಿಕೊಂಡರು. ಅದಕ್ಕೆ ತಿಂಗಳುಗಳ ಮುಂಚೆಯೇ ಆ ಕೇಂದ್ರದ ಇಬ್ಬರು ಬೋಧಕರು ಕೆಲಸ ಬಿಟ್ಟು, ಅಲ್ಲಿನ ಸುರಕ್ಷತೆ ಸರಿಯಿಲ್ಲವೆಂದು ಮಾಲೀಕರಿಗೆ ಕಾಗದ ಬರೆದಿದ್ದರು. 1995ರಲ್ಲಿ ಕಾಯ್ದೆ ಬಂತು, ಇಂಥ ಕೇಂದ್ರಗಳಿಗೆ ಪರವಾನಗಿ ಕಡ್ಡಾಯವಾಯಿತು. ನನ್ನನ್ನು ಕಾಡುವುದು ಮಾತ್ರ ಆ ಕಾಗದ. ಅಪಾಯ ಕಂಡವರಿದ್ದರು, ಕಂಡದ್ದನ್ನು ಹೇಳಿಯೂ ಇದ್ದರು. ಆ ಮಾತು ಒಬ್ಬರ ಮೇಜಿನ ತನಕ ಹೋಗಿ ಅಲ್ಲೇ ನಿಂತಿತು. ತಿಂಗಳ ಸಭೆಯೊಂದಿದ್ದಿದ್ದರೆ ಆ ಮಕ್ಕಳು ಉಳಿಯುತ್ತಿದ್ದರು ಎಂದು ನಾನು ಹೇಳುವುದಿಲ್ಲ, ಹಾಗೆ ಹೇಳುವ ಹಕ್ಕು ಯಾರಿಗೂ ಇಲ್ಲ. ಮೇಲಕ್ಕೆ ಮಾತ್ರ ಹೋಗುವ ಮಾತಿಗೆ ಒಂದೇ ಬಾಗಿಲು, ಅದು ಮುಚ್ಚಿದರೆ ಮುಗಿಯಿತು; ಅಕ್ಕಪಕ್ಕಕ್ಕೆ ಹರಿಯುವ ಮಾತಿಗೆ ಹಲವು ಬಾಗಿಲು ಎಂಬಷ್ಟನ್ನು ಮಾತ್ರ ಹೇಳಬಲ್ಲೆ.

ನಮ್ಮ ಕಾಡುಮೇಡುಗಳಲ್ಲಿ ಹೀಗೆ ಅಕ್ಕಪಕ್ಕಕ್ಕೆ ಹರಿಯಬೇಕಾದ ತಿಳಿವಳಿಕೆ ಎಷ್ಟಿದೆ ಎಂದು ನೋಡಬೇಕು. ರಾಮನಗರದ ಕಡೆಯ ಬಂಡೆಗಳಲ್ಲಿ ಹೆಜ್ಜೇನು ಕಟ್ಟುವ ಜಾಗಗಳಿವೆ. ಕೆಳಗೆ ಒಲೆ ಹೊತ್ತಿಸಿದರೆ, ಗದ್ದಲ ಮಾಡಿದರೆ ಹುಳು ಏಳುತ್ತವೆ. ಒಂದು ಕುಟುಕಿದ ಜಾಗದ ವಾಸನೆ ಹಿಡಿದು ಮಿಕ್ಕವೂ ಬರುತ್ತವೆ, ಆದ್ದರಿಂದ ನಿಂತಲ್ಲೇ ಕೈಬೀಸುವುದಕ್ಕಿಂತ ಮುಖ ಮುಚ್ಚಿಕೊಂಡು ಓಡುವುದು ಮೇಲು. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಉಣುಗು ಕಚ್ಚಿ ಬರುವಂಥದು, ಅದರ ಕಾಲ ಸುಮಾರಾಗಿ ಡಿಸೆಂಬರಿನಿಂದ ಮೇ ತನಕ. ಶಾಲೆಗಳು ಮಲೆನಾಡಿಗೆ ಪ್ರವಾಸ, ಶಿಬಿರ ಹೊರಡುವುದೂ ಬಹುಪಾಲು ಅದೇ ತಿಂಗಳುಗಳಲ್ಲಿ. ತರಗೆಲೆಯ ಮೇಲೆ ಮಕ್ಕಳನ್ನು ಕೂರಿಸಬಾರದು, ಉಣುಗು ಹತ್ತದಂತೆ ಡೇಪಾ ಎಣ್ಣೆ ಹಚ್ಚಿಸಬೇಕು, ಸಂಜೆ ಬಟ್ಟೆ ಬಿಚ್ಚಿ ಉಣುಗು ಹುಡುಕಿಸಬೇಕು ಎಂಬುದು ತೀರ್ಥಹಳ್ಳಿಯ ಮೇಷ್ಟ್ರಿಗೆ ಉಸಿರಾಟದಷ್ಟು ಸಹಜವಾದ ಜ್ಞಾನ; ಬಳ್ಳಾರಿಯಿಂದ ಮಕ್ಕಳನ್ನು ಕರೆತಂದವರಿಗೆ ಅದು ಯಾರಾದರೂ ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದ ಕಡಲಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುಳುಗಿ ಸತ್ತರು. ಕಡಲು ಕಾಣದ ಸೀಮೆಯಿಂದ ಬಂದ ಮಕ್ಕಳಿಗೆ ಅಲೆ ಹಿಂದಕ್ಕೆ ಎಳೆಯುವ ಬಲ ಗೊತ್ತಿರುವುದಿಲ್ಲ, ಕರೆತಂದವರಿಗೂ ಗೊತ್ತಿರುತ್ತದೆಂದು ಹೇಳಲಾಗದು. ಇಂಥ ದುಃಖದ ನಂತರ ಸುತ್ತೋಲೆಗಳು ಬರುತ್ತವೆ, ಬರಲೇಬೇಕು. ಸುತ್ತೋಲೆ ನೀರಿಗೆ ಇಳಿಸಬೇಡಿ ಎನ್ನುತ್ತದೆ. ಮಕ್ಕಳನ್ನು ಮನೆಯಿಂದ ಹೊರಗೆ ಕರೆದೊಯ್ಯುವುದನ್ನೇ ಬಿಟ್ಟುಬಿಡುವುದು ಕ್ಷೇಮ ಎಂದು ಅದನ್ನು ಓದಿದ ಮೇಷ್ಟ್ರಿಗೆ ಅನಿಸಿದರೆ ಅವರನ್ನು ದೂರುವಂತಿಲ್ಲ. ಆದರೆ ಹಾಗೆ ಬಿಟ್ಟರೆ ಒಂದು ಇಡೀ ತಲೆಮಾರು ಹೊಳೆಯನ್ನೂ ಕಾಡನ್ನೂ ಓದಲು ಬಾರದೆ ಬೆಳೆಯುತ್ತದೆ, ಬೆಳೆದ ಮೇಲೆ ಯಾರ ಜೊತೆಯೂ ಇಲ್ಲದೆ ರಜಾದಿನದಲ್ಲಿ ಅದೇ ಹೊಳೆಗೆ ಇಳಿಯುತ್ತದೆ.

ತಿಂಗಳ ಸಭೆ ಹೇಗಿರಬೇಕು? ಅಮೆರಿಕದ ಬಾಯ್ ಸ್ಕೌಟ್ಸ್, ಅಂದರೆ 2025ರಿಂದ ಸ್ಕೌಟಿಂಗ್ ಅಮೆರಿಕ ಎಂದು ಹೆಸರು ಬದಲಿಸಿಕೊಂಡ ಸಂಸ್ಥೆ, ಜಿಲ್ಲಾ ಮಟ್ಟದಲ್ಲಿ ರೌಂಡ್‌ಟೇಬಲ್ ಎಂಬ ಕೂಟವನ್ನು ಬಹುಕಾಲದಿಂದ ನಡೆಸಿಕೊಂಡು ಬಂದಿದೆ. ತಿಂಗಳಿಗೊಂದು ಸಂಜೆ ಸುತ್ತಲಿನ ದಳಗಳ ಮುಂದಾಳುಗಳು ಸೇರಿ, ಮುಂದಿನ ತಿಂಗಳಲ್ಲಿ ಮಕ್ಕಳೊಂದಿಗೆ ಮಾಡಬಹುದಾದ್ದನ್ನು ತಾವೇ ಮಾಡಿ ನೋಡಿ, ಕೊನೆಗೆ ತಿಂಡಿ ತಿನ್ನುತ್ತ ಹರಟಿ ಹೋಗುತ್ತಾರೆ. ಆ ಹರಟೆಯಲ್ಲಿ ಬಹಳಷ್ಟು ಕಲಿಕೆ ನಡೆಯುತ್ತದೆಂದು ಆ ಪದ್ಧತಿಯನ್ನು ಬಲ್ಲವರು ಹೇಳುತ್ತಾರೆ. ನಮ್ಮಲ್ಲಿ ತಾಲ್ಲೂಕು ಮಟ್ಟದಲ್ಲಿ ಹತ್ತು ಹದಿನೈದು ಜನ ಸೇರಿದರೆ ಸಾಕು, ಒಂದೂವರೆ ಗಂಟೆ ಸಾಕು. ಮೊದಲು ಕೈಗೆ ಕೆಲಸವಿರಲಿ. ಹಗ್ಗ ಕೊಟ್ಟು ರೀಫ್ ಗಂಟು ಹಾಕಿಸಿದರೂ ಮಾತು ಹುಟ್ಟುತ್ತದೆ: ನಾರಿನ ಹಗ್ಗದಲ್ಲಿ ಬಿಗಿಯಾಗಿ ಕೂರುವ ಗಂಟು ಈಗ ಅಂಗಡಿಯಲ್ಲಿ ಸಿಗುವ ನುಣುಪಾದ ನೈಲಾನ್ ಹಗ್ಗದಲ್ಲಿ ಜಾರುತ್ತದೆ, ಪುಸ್ತಕದ ಚಿತ್ರ ಅದನ್ನು ಹೇಳುವುದಿಲ್ಲ. ಆಮೇಲೆ ಒಬ್ಬರು ಒಂದು ಪ್ರಸಂಗ ಹೇಳಲಿ. ಬೆಳಗ್ಗೆ ಮೊಣಕಾಲುದ್ದವಿದ್ದ ಹಳ್ಳ ಸಂಜೆ ತೊಡೆಯ ತನಕ ಬಂದಿತ್ತು, ಮಕ್ಕಳನ್ನು ಕೈಕೈ ಹಿಡಿಸಿ ದಾಟಿಸಿದೆ, ಎಲ್ಲರೂ ಕ್ಷೇಮ, ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ ಎನ್ನಲಿ. ಕೇಳುವವರು ಮಾಡಬೇಕಾದ ಕೆಲಸ ತೀರ್ಪು ಕೊಡುವುದಲ್ಲ, ಪ್ರಶ್ನೆ ಕೇಳುವುದು. ನೀರಿನ ಬಣ್ಣ ಕೆಂಪಾದದ್ದು ಯಾವಾಗ ಕಣ್ಣಿಗೆ ಬಿತ್ತು? ಮೇಲ್ಗಡೆ ಮಳೆಯಾದ ಸುದ್ದಿ ಯಾರಿಂದಲಾದರೂ ಸಿಗುವಂತಿತ್ತೇ? ಮೊದಲು ದಾಟಿದವರು ಯಾರು, ಕೊನೆಗೆ ಈಚೆ ದಡದಲ್ಲಿ ಉಳಿದವರು ಯಾರು? ಇನ್ನೊಂದು ಗಂಟೆ ಕಾದಿದ್ದರೆ ಏನು ತೊಂದರೆಯಾಗುತ್ತಿತ್ತು, ತಂದೆತಾಯಿಯರ ಫೋನಿನ ಭಯವೇ, ಕತ್ತಲೆಯೇ, ಬಸ್ಸೇ? ಕೊನೆಯ ಪ್ರಶ್ನೆಗೆ ಬರುವ ಉತ್ತರ ಹೆಚ್ಚಾಗಿ ಬಸ್ಸು. ಎಷ್ಟೋ ಅಪಾಯಗಳು ಹೊಳೆಯಲ್ಲಿ ಹುಟ್ಟುವುದಿಲ್ಲ, ಬಸ್ಸಿನ ವೇಳೆಯಲ್ಲಿ ಹುಟ್ಟುತ್ತವೆ ಎಂಬುದು ಹತ್ತು ಜನರಿಗೆ ಏಕಕಾಲಕ್ಕೆ ಹೊಳೆದರೆ, ಮುಂದಿನ ಸಲ ಹತ್ತು ದಳಗಳು ಬಾಡಿಗೆ ವಾಹನದವನಿಗೆ ಎರಡು ಗಂಟೆ ಹೆಚ್ಚು ಹೇಳಿಯೇ ಹೊರಡುತ್ತವೆ.

ಮೇಷ್ಟ್ರುಗಳಿಗೆ ಈಗಿರುವ ಸಭೆಗಳೇ ಸಾಲವೇ ಎಂಬ ಆಕ್ಷೇಪಣೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಬಿಸಿಯೂಟದ ಲೆಕ್ಕ, ಚುನಾವಣೆಯ ಕೆಲಸ, ಸಮೀಕ್ಷೆ, ಆನ್‌ಲೈನ್ ಮಾಹಿತಿ ತುಂಬುವುದು, ಇವುಗಳ ನಡುವೆ ಇನ್ನೊಂದು ಸಭೆ ಎಂದರೆ ಯಾರಿಗಾದರೂ ಬೇಸರವೇ. ಆದರೆ ಪ್ರಾಥಮಿಕ ಶಾಲೆಯವರಿಗೆ ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಯ ಪರಿಚಯವಿದೆ. ಅದು ಮಾಹಿತಿ ಸಂಗ್ರಹಿಸುವ ಸಭೆಯಾದ ಕಡೆ ಮನಸ್ಸಿಲ್ಲದೆ ಬಂದು ಸಹಿ ಹಾಕುತ್ತಾರೆ. ಒಂದು ಪಾಠವನ್ನು ಎದುರಿಗಿಟ್ಟುಕೊಂಡು ಚರ್ಚಿಸಿದ ಕಡೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಬೇಸರ ಬರುವುದು ಸಭೆಯಿಂದಲ್ಲ, ಕೊಡುವುದೇ ಆಗಿ ಪಡೆಯುವುದೇನೂ ಇಲ್ಲದ ಸಭೆಯಿಂದ. ಇಲಾಖೆ ಇದಕ್ಕೊಂದು ಓಓಡಿ, ಅಂದರೆ ಅನ್ಯಕಾರ್ಯದ ಅನುಮತಿ ಕೊಟ್ಟು, ಬಸ್ ಚಾರ್ಜು ಕೊಟ್ಟರೆ, ಇದು ನಿಮ್ಮ ಕೆಲಸದ ಭಾಗ ಎಂದು ಹೇಳಿದಂತೆಯೂ ಆಗುತ್ತದೆ. ವಾಟ್ಸಾಪ್ ಗುಂಪು ಇದೆಯಲ್ಲ ಎನ್ನುವವರಿಗೆ ನನ್ನ ಉತ್ತರ ಚಿಕ್ಕದು. ಆ ಗುಂಪಿನಲ್ಲಿ ಅಧಿಕಾರಿಗಳೂ ಇರುತ್ತಾರೆ, ಅದರಲ್ಲಿ ಬರುವುದು ಸುತ್ತೋಲೆ, ಸಮಾರಂಭದ ಫೋಟೋ, ಹುಟ್ಟುಹಬ್ಬದ ಶುಭಾಶಯ. ನನಗೆ ಹೆದರಿಕೆಯಾಯಿತು ಎಂದು ಅಲ್ಲಿ ಯಾರೂ ಬರೆಯುವುದಿಲ್ಲ, ಬರೆಯುವುದೂ ಜಾಣತನವಲ್ಲ. ಆ ಒಂದು ಸಾಲಿನ ಸ್ಕ್ರೀನ್‌ಶಾಟ್ ಎಲ್ಲಿಗೆ ಬೇಕಾದರೂ ಹೋದೀತು.

ತಪ್ಪನ್ನು ಹೇಳಿಕೊಳ್ಳುವ ಕೂಟ ತಪ್ಪನ್ನು ಮುಚ್ಚಿಡುವ ಕೂಟವೂ ಆಗಬಹುದಲ್ಲವೇ ಎಂಬುದು ಇದಕ್ಕಿಂತ ಭಾರವಾದ ಪ್ರಶ್ನೆ. ನಾನು ಮೆಚ್ಚಿ ಹೇಳಿದ ಅಮೆರಿಕದ ಸಂಸ್ಥೆಯ ಚರಿತ್ರೆಯೇ ಆ ಪ್ರಶ್ನೆಯನ್ನು ಎತ್ತುತ್ತದೆ. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ ಸ್ವಯಂಸೇವಕರ ಕಡತಗಳನ್ನು ಆ ಸಂಸ್ಥೆ ದಶಕಗಳ ಕಾಲ ತನ್ನೊಳಗೇ ಇಟ್ಟುಕೊಂಡಿತ್ತು. 2020ರಲ್ಲಿ ಅದು ದಿವಾಳಿ ಅರ್ಜಿ ಹಾಕಿತು, ಆ ಪ್ರಕರಣದಲ್ಲಿ 80,000ಕ್ಕೂ ಹೆಚ್ಚು ಮಂದಿ ತಮ್ಮ ಮೇಲೆ ದೌರ್ಜನ್ಯ ನಡೆದಿತ್ತೆಂದು ಹಕ್ಕು ಸಲ್ಲಿಸಿದರು. ತಿಂಗಳುತಿಂಗಳೂ ನಡೆದ ರೌಂಡ್‌ಟೇಬಲ್ ಇದನ್ನು ತಡೆಯಲಿಲ್ಲ. ಇದನ್ನು ಮರೆಮಾಚಿ ನನ್ನ ವಾದ ಮುಂದುವರಿಯಲಾರದು. ಆದ್ದರಿಂದ ಗೆರೆಯನ್ನು ಮೊದಲ ದಿನವೇ ಎಳೆಯಬೇಕು. ಹಗ್ಗ ಜಾರಿದ್ದು, ದಾರಿ ತಪ್ಪಿದ್ದು, ಮಗುವೊಂದರ ಮೇಲೆ ರೇಗಿದ್ದು, ಅಡುಗೆ ಹಳಸಿದ್ದು ಸಭೆಯ ಮಾತು. ಹೆಸರು ಹೊರಗೆ ಹೋಗಬೇಕಿಲ್ಲ, ಪಾಠ ಹೋಗಬೇಕು. ಮಗುವಿನ ಮೈಮುಟ್ಟಿದ ವಿಷಯ, ದೌರ್ಜನ್ಯದ ಸುಳಿವು, ಅನುಮಾನ ಸಭೆಯ ಮಾತೇ ಅಲ್ಲ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ತಿಳಿದವರು ಅದನ್ನು ಪೊಲೀಸರಿಗೆ ತಿಳಿಸಲೇಬೇಕು, ಸಹೋದ್ಯೋಗಿ ಎಂಬ ದಾಕ್ಷಿಣ್ಯಕ್ಕೆ ಅಲ್ಲಿ ಎಡೆಯಿಲ್ಲ. ಅಮೆರಿಕದ ಕಡತಗಳ ದೋಷ ಮುಂದಾಳುಗಳು ತಮ್ಮಲ್ಲಿ ಮಾತಾಡಿಕೊಂಡದ್ದರಲ್ಲಿ ಇರಲಿಲ್ಲ, ಕೇಂದ್ರ ಕಚೇರಿಗೆ ಹೋದ ಮಾತು ಹೊರಗೆ ಬಾರದಂತೆ ಕಪಾಟಿನಲ್ಲಿ ಕೂತದ್ದರಲ್ಲಿ ಇತ್ತು. ಶಿಬಿರದಲ್ಲಿ ದೊಡ್ಡವರು ಇಬ್ಬರಾದರೂ ಇರಬೇಕು, ಒಬ್ಬರೇ ಮಗುವಿನೊಂದಿಗೆ ಡೇರೆಯಲ್ಲಿ ಇರಕೂಡದು ಎಂಬ ಕಟ್ಟುಪಾಡನ್ನು ಎಲ್ಲ ದಳಗಳೂ ಪಾಲಿಸುವಂತೆ ನೋಡಿಕೊಳ್ಳಲು ಒಬ್ಬರನ್ನೊಬ್ಬರು ಬಲ್ಲ ಮುಂದಾಳುಗಳಿಗಿಂತ ಒಳ್ಳೆಯ ಕಾವಲು ಸಿಗುವುದು ಕಷ್ಟ.

ಸಭೆಯನ್ನು ಯಾರು ನಡೆಸಬೇಕು ಎಂಬುದು ಉಳಿದ ಪ್ರಶ್ನೆ, ಎಲ್ಲವೂ ನಿಂತಿರುವುದು ಅದರ ಮೇಲೆಯೇ ಎಂದು ನನಗೆ ತೋರುತ್ತದೆ. ವರದಿ ಬರೆಯುವ ಅಧಿಕಾರವಿರುವವರು ಎದುರಿಗೆ ಕೂತರೆ, ಅವರು ಎಷ್ಟೇ ಒಳ್ಳೆಯವರಾದರೂ, ಹಳ್ಳ ದಾಟಿಸಿದ ಮೇಷ್ಟ್ರು ಬಾಯಿ ತೆರೆಯುವುದಿಲ್ಲ. ಪ್ರತಿ ತಾಲ್ಲೂಕಿನಲ್ಲೂ ನಿವೃತ್ತರಾದ ಸ್ಕೌಟ್ ಮಾಸ್ಟರುಗಳು, ಗೈಡ್ ಕ್ಯಾಪ್ಟನ್ನುಗಳು ಇದ್ದಾರೆ. ಯಾವ ಬೆಟ್ಟಕ್ಕೆ ಯಾವ ಕಡೆಯಿಂದ ಹತ್ತಿದರೆ ನೀರು ಸಿಗುತ್ತದೆ, ಯಾವ ಊರಿನ ದೇವಸ್ಥಾನದವರು ರಾತ್ರಿ ತಂಗಲು ಜಗಲಿ ಬಿಟ್ಟುಕೊಡುತ್ತಾರೆ, ಯಾವ ಫಾರೆಸ್ಟ್ ಗಾರ್ಡ್‌ಗೆ ಮೊದಲೇ ಹೇಳಿಟ್ಟರೆ ಒಳ್ಳೆಯದು ಎಂಬುದೆಲ್ಲ ಅವರಿಗೆ ಗೊತ್ತು. ಪಿಂಚಣಿಯ ಕಾಗದಕ್ಕೆ ಸಹಿ ಬಿದ್ದ ದಿನ ಆ ತಿಳಿವಳಿಕೆಯೆಲ್ಲ ಅವರೊಂದಿಗೆ ಮನೆಗೆ ಹೋಗುತ್ತದೆ. ಕಳೆದ ವರ್ಷವಷ್ಟೇ ಸ್ಕಾರ್ಫ್ ಕಟ್ಟಿಕೊಂಡ ಹೊಸ ಮೇಷ್ಟ್ರು ಎಲ್ಲವನ್ನೂ ಮೊದಲಿನಿಂದ, ಮಕ್ಕಳ ಮೇಲೆಯೇ ಪ್ರಯೋಗ ಮಾಡಿ ಕಲಿಯಬೇಕಾಗುತ್ತದೆ. ನಿವೃತ್ತರಿಗೆ ಬಿಡುವಿದೆ, ಗೌರವವಿದೆ, ಯಾರ ವೇತನ ಬಡ್ತಿಯನ್ನೂ ತಡೆಹಿಡಿಯುವ ಶಕ್ತಿಯಿಲ್ಲ. ಸಭೆ ಕರೆಯಲು ಇದಕ್ಕಿಂತ ಬೇರೆ ಅರ್ಹತೆ ಬೇಕಿಲ್ಲ. ಶುರು ಮಾಡುವುದಾದರೆ ಶಾಲೆ ತೆರೆದ ಮೇಲೆ, ಮಳೆ ಹಿಡಿಯುವ ಮುಂಚೆ, ಜೂನ್ ಮೊದಲ ವಾರದಲ್ಲೇ ಮಾಡಬೇಕು. ಮೊದಲ ಸಭೆಗೆ ವಿಷಯ ಹುಡುಕುವ ಕಷ್ಟವೂ ಇಲ್ಲ. ಪ್ರತಿಯೊಬ್ಬರೂ ತಮ್ಮ ದಳ ಹೈಕ್ ಹೋಗುವ ದಾರಿಯನ್ನು ಒಂದು ಹಾಳೆಯ ಮೇಲೆ ಬರೆದು, ಎಲ್ಲಿ ಹೆಜ್ಜೇನಿದೆ, ಯಾವ ಹಳ್ಳವನ್ನು ಯಾವ ತಿಂಗಳಲ್ಲಿ ದಾಟಬಾರದು, ಮೊಬೈಲ್ ಸಿಗ್ನಲ್ ಎಲ್ಲಿಂದ ಸಿಗುವುದಿಲ್ಲ, ಹತ್ತಿರದ ಆಸ್ಪತ್ರೆ ಎಷ್ಟು ದೂರ ಎಂದು ಗುರುತು ಹಾಕಿ, ಪಕ್ಕದಲ್ಲಿ ಕೂತವರ ಕೈಗೆ ಕೊಡಲಿ.